ತೆರೆಯ ಹಡಗು, ನೀರಿನ ಹಡಗು

ಸಿನಿಮಾ ಹಡಗಿನಲ್ಲಿ ಮಕ್ಕಳು ಅಳೋದೇ ಇಲ್ಲ, ಗಮನಿಸಿದ್ದೀರಾ?

ನಾಯಕ ಡೆಕ್ಕಿನ ಕಂಬಿ ಹಿಡಿದು ನಿಂತಿರುತ್ತಾನೆ. ನಾಯಕಿಯ ಸೆರಗು ಗಾಳಿಗೆ ಹಾರುತ್ತಿರುತ್ತೆ. ಒಂದು ಡ್ಯುಯೆಟ್ಟು, ಒಂದು ಫೈಟಿಂಗು, ಕೆಳಗಡೆ ಉಗ್ರಾಣದಲ್ಲಿ ಕಳ್ಳಸಾಗಣೆಯ ಚಿನ್ನದ ಗಟ್ಟಿ... ಅಲ್ಲಿಗೆ ಹಡಗಿನ ಕೆಲಸ ಮುಗಿಯಿತು. ಆ ಇಡೀ ಹಡಗಿನಲ್ಲಿ ಒಂದೇ ಒಂದು ಮಗುವಿಗೂ ವಾಂತಿ ಬರೋದಿಲ್ಲ. ಒಬ್ಬ ತಾಯಿಯೂ "ಬಿಸಿನೀರು ಎಲ್ಲಿ ಸಿಗುತ್ತೆ ಅಣ್ಣಾ?" ಅಂತ ಕೇಳೋದಿಲ್ಲ. ಒಬ್ಬ ಅಪ್ಪನೂ ಜೇಬು ತಡವಿಕೊಂಡು ಲೆಕ್ಕ ಹಾಕೋದಿಲ್ಲ.

ಈ ಮಾತನ್ನು ಅಧಿಕಾರದಿಂದಲೇ ಹೇಳುತ್ತಿದ್ದೇನೆ ಸ್ವಾಮಿ. ಇಪ್ಪತ್ತೆರಡು ವರ್ಷ ಪ್ರೊಜೆಕ್ಟರ್ ಕ್ಯಾಬಿನ್ನಿನ ಅಂಗೈಯಗಲದ ಕಿಂಡಿಯಿಂದ ಇಂಥ ಹಡಗುಗಳನ್ನು ನೋಡಿದವನು ನಾನು. ತುಮಕೂರಿನ ಒಂದು ಟಾಕೀಸಿನಲ್ಲಿ 1998ರಲ್ಲಿ ಸಹಾಯಕನಾಗಿ ಸೇರಿದಾಗ ನನಗೆ ಹದಿನೇಳು. ಆ ವರ್ಷವೇ ಬಂತು ನೋಡಿ 'ಟೈಟಾನಿಕ್'. ಮೂರು ಗಂಟೆ ಹದಿನಾಲ್ಕು ನಿಮಿಷದ ಚಿತ್ರ. ದಿನಕ್ಕೆ ಮೂರು ಆಟ. ಅಂದರೆ ದಿನಕ್ಕೆ ಮೂರು ಸಲ ಆ ಹಡಗನ್ನು ನನ್ನ ಕೈಯಾರೆ ಮುಳುಗಿಸಿ, ರೀಲು ಹಿಂದಕ್ಕೆ ಸುತ್ತಿ, ಮತ್ತೆ ತೇಲಿಸುತ್ತಿದ್ದೆ! ಅದೂ ಎಂಥ ಹಡಗು ಅಂತೀರಿ? ಮೆಕ್ಸಿಕೋ ದೇಶದ ರೊಸಾರಿಟೊ ಅನ್ನೋ ಊರಿನ ಕಡಲ ದಂಡೆಯಲ್ಲಿ ದೊಡ್ಡ ನೀರಿನ ತೊಟ್ಟಿ ಕಟ್ಟಿ, ಅದರೊಳಗೆ ನಿಲ್ಲಿಸಿದ ಸೆಟ್ಟು. ಒಂದು ಮಾರು ದೂರ ಕೂಡ ಪ್ರಯಾಣ ಮಾಡಿದ್ದಲ್ಲ. ಆದರೂ ಗಾಂಧಿ ಕ್ಲಾಸಿನಲ್ಲಿ ಕೂತವರು ಚಳಿಯಿಂದ ನಡುಗುತ್ತಿದ್ದರು.

2020ರಲ್ಲಿ ಟಾಕೀಸು ಬಾಗಿಲು ಹಾಕಿತು, ಮತ್ತೆ ತೆಗೆಯಲಿಲ್ಲ. ಕೈಗೆ ಬಂದ ಲೆಕ್ಕದ ದುಡ್ಡಿನಲ್ಲಿ ಸಾಲ ತೀರಿಸಿ, ಮಿಕ್ಕಿದ್ದನ್ನು ಬ್ಯಾಂಕಿನಲ್ಲಿ ಇಟ್ಟು, ವೈರಿಂಗ್ ಕೆಲಸಕ್ಕೆ ಇಳಿದೆ. ಮೂರು ವರ್ಷ ಆ ದುಡ್ಡನ್ನು ಮುಟ್ಟಿರಲಿಲ್ಲ. 2023ರ ದೀಪಾವಳಿ ಹೊತ್ತಿಗೆ ನನ್ನ ಹೆಂಡತಿ ಒಂದು ಮಾತು ಹೇಳಿದಳು: "ನೀವು ಮುಳುಗಿಸಿದ್ದು ಸಾಕು. ಒಂದು ಸಲ ತೇಲೋ ಹಡಗು ತೋರಿಸ್ರೀ."

ಆ ಮಾತು ಅವಳ ಬಾಯಿಂದ ಬಂದದ್ದೇ ನನಗೆ ಆಶ್ಚರ್ಯ. ಯಾಕೆ ಅಂತ ಹೇಳಿದರೆ ನಿಮಗೂ ಈ ಕಥೆ ಅರ್ಥವಾಗುತ್ತೆ.

ನಮಗೆ ಇಬ್ಬರು ಮಕ್ಕಳು. ಮಗಳಿಗೆ ಆಗ ಏಳು ವರ್ಷ, ಮಗನಿಗೆ ಮೂರೂವರೆ. ಈ ಮಗ ಹುಟ್ಟಿದ್ದು ಟಾಕೀಸು ಮುಚ್ಚಿದ ವರ್ಷ. ಒಂದೂವರೆ ವರ್ಷದವನಿದ್ದಾಗ ಒಂದು ರಾತ್ರಿ ಜ್ವರ ಏರಿ ಫಿಟ್ಸ್ ಬಂತು. ಎರಡು ನಿಮಿಷವಿರಬಹುದು. ಆಟೋದಲ್ಲಿ ಆಸ್ಪತ್ರೆ ಸೇರುವ ಹೊತ್ತಿಗೆ ಮಗು ಕಣ್ಣು ಬಿಟ್ಟಿತ್ತು. ಆದರೆ ಆ ಎರಡು ನಿಮಿಷ ಇವಳೊಳಗೆ ನಿಂತುಬಿಟ್ಟಿತು. ಆಮೇಲೆ ಎರಡು ವರ್ಷ ಆಸ್ಪತ್ರೆ ಹತ್ತಿರವಿಲ್ಲದ ಜಾಗದಲ್ಲಿ ಇವಳು ಒಂದು ರಾತ್ರಿ ಕಳೆದವಳಲ್ಲ. ತವರುಮನೆಗೆ ಹೋದರೂ ಸಂಜೆಯ ಬಸ್ಸಿಗೆ ವಾಪಸ್ಸು, ಅಲ್ಲಿಂದ ದೊಡ್ಡಾಸ್ಪತ್ರೆಗೆ ಒಂದೂವರೆ ಗಂಟೆ ದಾರಿ ಅಂತ. ಅಂಥವಳು ಸಮುದ್ರದ ನಡುವೆ ಮೂರು ರಾತ್ರಿ ಕಳೆಯುತ್ತೇನೆ ಅಂದರೆ!

"ಹಡಗಿನಲ್ಲಿ ಡಾಕ್ಟರು ಇರ್ತಾರಾ?" ಅಂದಳು ಮರುಕ್ಷಣವೇ.

ಅಲ್ಲಿಂದ ಶುರುವಾಯಿತು ನಮ್ಮ ಹಡಗಿನ ಚಿತ್ರಕಥೆ. ಇನ್ನು ಮುಂದಿನದು ಮಕ್ಕಳನ್ನು ಕಟ್ಟಿಕೊಂಡು ಹಡಗು ಹತ್ತುವ ಆಸೆ ಇರುವವರಿಗೆ. ಇವತ್ತು ಬ್ಯಾಚುಲರ್ ಆಗಿರುವ ತಮ್ಮಂದಿರೂ ಓದಿ. ಎಷ್ಟು ದಿನ ಬ್ಯಾಚುಲರ್ ಆಗಿರುತ್ತೀರಿ?

ಮೊದಲು ಡಾಕ್ಟರು, ಆಮೇಲೆ ಟಿಕೆಟ್ಟು

ಎಲ್ಲರೂ ಮೊದಲು ಟಿಕೆಟ್ ದರ ಕೇಳುತ್ತಾರೆ. ನಾವು ಮೊದಲು ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಆ ತಾಯಿ ನಗುತ್ತಾ ಕೇಳಿಸಿಕೊಂಡರು. ಜ್ವರದಿಂದ ಬರುವ ಇಂಥ ಸಾಮಾನ್ಯ ಫಿಟ್ಸ್ ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಕಾಣುವಂಥದ್ದು, ಹೆಚ್ಚಿನವರಲ್ಲಿ ಬೆಳೆದಂತೆ ತಾನೇ ಹೋಗುತ್ತೆ ಅಂತ ಮತ್ತೊಮ್ಮೆ ಬಿಡಿಸಿ ಹೇಳಿದರು. ಅಕಸ್ಮಾತ್ ಬಂದರೆ? ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಬೇಕು. ಬಾಯಿಗೆ ಚಮಚ, ಬೆರಳು, ನೀರು ಏನೂ ಹಾಕಬಾರದು. ಕೈಗೆ ಕಬ್ಬಿಣ ಕೊಡೋದು ಸಿನಿಮಾಕ್ಕಿರಲಿ. ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ ತಕ್ಷಣ ತುರ್ತು ಚಿಕಿತ್ಸೆ. ಜ್ವರದ ಔಷಧಿಯ ಪ್ರಮಾಣವನ್ನು ಮಗುವಿನ ತೂಕ ನೋಡಿ ಚೀಟಿಯಲ್ಲಿ ಬರೆದುಕೊಟ್ಟರು. "ಏಳೆಂಟು ದಿನದ ಯಾನ ಬೇಡ, ಮೊದಲ ಸಲ ಎರಡೋ ಮೂರೋ ರಾತ್ರಿ ಸಾಕು. ತಲೆ ಸುತ್ತದ ಹಾಗೆ ಅಂತ ಅಂಗಡಿಯಿಂದ ಮಾತ್ರೆ ತಂದು ಮಗುವಿಗೆ ಕೊಡಬೇಡಿ, ಮಂಪರು ಬರುತ್ತೆ, ನನ್ನನ್ನು ಕೇಳಿಯೇ ಕೊಡಿ" ಅಂದರು.

ಆಮೇಲೆ ಹಡಗಿನ ವಿಚಾರ. ಪ್ರವಾಸಿಗಳ ದೊಡ್ಡ ಹಡಗುಗಳಲ್ಲಿ ವೈದ್ಯರು, ನರ್ಸು, ಸಣ್ಣ ಚಿಕಿತ್ಸಾಲಯ ಇದ್ದೇ ಇರುತ್ತೆ. ಆದರೆ ಅದು ದೊಡ್ಡಾಸ್ಪತ್ರೆಯಲ್ಲ, ಪುಕ್ಕಟೆಯೂ ಅಲ್ಲ. ಫೀಸು ಪ್ರತ್ಯೇಕ. ಅದಕ್ಕೇ ಪ್ರಯಾಣ ವಿಮೆ ಮಾಡಿಸೋದು ಜಾಣತನ. ಇನ್ನು ಎಳೆಗೂಸು ಇರುವವರು ಕೇಳಿ: ಹೆಚ್ಚಿನ ಹಡಗು ಕಂಪನಿಗಳು ಆರು ತಿಂಗಳು ತುಂಬದ ಮಗುವನ್ನು ಹತ್ತಿಸಿಕೊಳ್ಳೋದಿಲ್ಲ. ಮಹಾಸಾಗರ ದಾಟುವ ದೊಡ್ಡ ಯಾನಗಳಿಗೆ ಒಂದು ವರ್ಷ ತುಂಬಿರಬೇಕು. ಬಸುರಿಯರಿಗೆ ಸಾಮಾನ್ಯವಾಗಿ ಇಪ್ಪತ್ನಾಲ್ಕು ವಾರದ ಗಡಿ.

ತಾರಾಗಣ ನೋಡಿ ಲೊಕೇಶನ್

ನಿರ್ಮಾಪಕರು ಏನು ಮಾಡುತ್ತಾರೆ? ಹೀರೋ ಡೇಟು ನೋಡಿಕೊಂಡು ಲೊಕೇಶನ್ ಆರಿಸುತ್ತಾರೆ. ನಮ್ಮ ಚಿತ್ರದ ಹೀರೋ ಮೂರೂವರೆ ವರ್ಷದವನು. ಅವನಿಗೆ ಮಧ್ಯಾಹ್ನ ನಿದ್ದೆ ಬೇಕು, ರಾತ್ರಿ ಎಂಟಕ್ಕೆ ಊಟ ಬೇಕು. ಅವನ ಡೇಟಿಗೆ ಸರಿಹೊಂದಿದ್ದು ಮುಂಬಯಿ–ಗೋವಾ–ಮುಂಬಯಿ, ಮೂರು ರಾತ್ರಿ.

ಹಡಗಿನ ಹೆಸರು 'ಎಂಪ್ರೆಸ್'. ಅದರ ಜಾತಕವೂ ಒಂದು ಸಿನಿಮಾ ಕಥೆ ಕಣ್ರೀ. 1990ರಲ್ಲಿ ಫ್ರಾನ್ಸಿನ ಸೇಂಟ್ ನಜೇರ್ ಕಟ್ಟೆಯಲ್ಲಿ 'ನಾರ್ಡಿಕ್ ಎಂಪ್ರೆಸ್' ಅನ್ನೋ ಹೆಸರಿನಲ್ಲಿ ಹುಟ್ಟಿ, ಹೆಸರು ಬದಲಿಸಿಕೊಂಡು, ಅಮೆರಿಕದ ಕಡೆಯಲ್ಲೆಲ್ಲಾ ದುಡಿದು, ಕೊನೆಗೆ ಕಾರ್ಡೇಲಿಯಾ ಕಂಪನಿಯ ಕೈಗೆ ಬಂದು 2021ರ ಸೆಪ್ಟೆಂಬರಿನಲ್ಲಿ ಮುಂಬಯಿಂದ ಯಾನ ಶುರು ಮಾಡಿತು. ಉದ್ದ 211 ಮೀಟರು. ಟೈಟಾನಿಕ್ 269 ಮೀಟರು ಇತ್ತು. ಉದ್ದದಲ್ಲಿ ಟೈಟಾನಿಕ್ಕೇ ದೊಡ್ಡದು. ಆದರೆ ಹಡಗಿನ ಒಳಜಾಗವನ್ನು ಅಳೆಯುವ ಟನ್ನೇಜು ಅಂತ ಒಂದಿದೆ. ಅದರಲ್ಲಿ ಟೈಟಾನಿಕ್ 46 ಸಾವಿರ ಚಿಲ್ಲರೆ, ಎಂಪ್ರೆಸ್ 48 ಸಾವಿರ ಚಿಲ್ಲರೆ. ಅಳೆಯುವ ಕ್ರಮ ನಡುವೆ ಬದಲಾಗಿದೆ, ಆದರೂ ಹೆಚ್ಚುಕಡಿಮೆ ಸರಿಜೋಡಿ ಅನ್ನಬಹುದು. ಇದನ್ನು ಮನೆಯಲ್ಲಿ ಖುಷಿಯಿಂದ ಹೇಳಿದೆ. "ಹೋಲಿಕೆಗೆ ಬೇರೆ ಹಡಗು ಸಿಗಲಿಲ್ಲವಾ ನಿಮಗೆ?" ಅಂದಳು ಹೆಂಡತಿ.

ಕಾಲ ಯಾವುದು ಅನ್ನೋದೂ ಮುಖ್ಯ. ಮುಂಗಾರಿನಲ್ಲಿ ಅರಬ್ಬಿ ಸಮುದ್ರ ಖಳನಾಯಕನ ಪಾತ್ರಕ್ಕೆ ಇಳಿಯುತ್ತೆ. ಪಶ್ಚಿಮ ಕರಾವಳಿಯ ಯಾನಕ್ಕೆ ಅಕ್ಟೋಬರಿನಿಂದ ಮೇವರೆಗೆ ಕಾಲ. 2023ರ ಜೂನಿನಲ್ಲಿ ಇದೇ ಹಡಗು ಇತ್ತ ಕಡೆ ಬಿಟ್ಟು ಮದ್ರಾಸಿನಿಂದ, ಅಂದರೆ ಈಗಿನ ಚೆನ್ನೈಯಿಂದ, ಶ್ರೀಲಂಕಾಕ್ಕೆ ಹೊರಟಿತ್ತು. ನಾವು ಆರಿಸಿಕೊಂಡದ್ದು 2024ರ ಜನವರಿ, ಸಂಕ್ರಾಂತಿ ಕಳೆದ ಮೇಲೆ.

ಹೊರಡುವ ಮೊದಲು ಒಂದು ಸ್ಕ್ರೀನ್ ಟೆಸ್ಟು ಮಾಡಿದೆವು. ಇದು ನನ್ನ ಹೆಂಡತಿಯ ಐಡಿಯಾ. ಡಿಸೆಂಬರಿನಲ್ಲಿ ಮಕ್ಕಳನ್ನು ಮಲ್ಪೆಗೆ ಕರೆದುಕೊಂಡು ಹೋಗಿ ಸೇಂಟ್ ಮೇರಿಸ್ ದ್ವೀಪದ ಬೋಟು ಹತ್ತಿಸಿದೆವು. ದಡದಿಂದ ಸುಮಾರು ಆರು ಕಿಲೋಮೀಟರು. ಲಾವಾ ರಸ ಆರಿ ಕಂಬ ಕಂಬವಾಗಿ ನಿಂತ ಕಲ್ಲುಗಳ ದ್ವೀಪ ಅದು. ಮಗಳು ಬೋಟಿನ ತುದಿಯಲ್ಲಿ ಕೈ ಅಗಲಿಸಿ ನಿಂತುಕೊಳ್ಳಲು ಹೊರಟಳು... ಯಾವ ಚಿತ್ರದ ಪ್ರಭಾವ ಅಂತ ಹೇಳಬೇಕಾಗಿಲ್ಲ. ಮಗ ಮಾತ್ರ ಹಿಂದಕ್ಕೆ ಬರುವಾಗ ಸ್ವಲ್ಪ ಬಿಳುಚಿಕೊಂಡ. ಡಾಕ್ಟರು ಹೇಳಿದ್ದು ಸರಿಯೇ: ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೇ ಈ ಕಡಲ ತಲೆಸುತ್ತು ಜಾಸ್ತಿ. ಅದಕ್ಕಿಂತ ಚಿಕ್ಕ ಕೂಸುಗಳಿಗೆ ಕಡಿಮೆ. ಕಿವಿಯ ಒಳಗಿನ ತೂಕದ ಯಂತ್ರ "ಅಲ್ಲಾಡ್ತಾ ಇದೀವಿ" ಅನ್ನುತ್ತೆ, ಕೋಣೆಯೊಳಗಿನ ಗೋಡೆ ನೋಡುವ ಕಣ್ಣು "ಇಲ್ಲ, ನಿಂತಿದೀವಿ" ಅನ್ನುತ್ತೆ. ಈ ಎರಡರ ಜಗಳದಲ್ಲಿ ಹೊಟ್ಟೆಗೆ ಏಟು. ಸೌಂಡೂ ಪಿಕ್ಚರೂ ಹೊಂದದ ರೀಲು ನೋಡಿದ ಹಾಗೆ ಅಂದುಕೊಳ್ಳಿ.

ಕೋಣೆ, ಮಂಚ, ಜೇಬು

ಈ ವಿದ್ಯೆ ಕೋಣೆ ಆರಿಸುವಾಗ ಕೆಲಸಕ್ಕೆ ಬಂತು. ಏತ ನೋಡಿದ್ದೀರಲ್ಲ? ಎರಡು ತುದಿ ಏರಿ ಇಳಿಯುತ್ತೆ, ನಡು ಅಲ್ಲಾಡೋದು ಕಡಿಮೆ. ಹಡಗೂ ಅಷ್ಟೇ. ಮುಂತುದಿ ಬೇಡ, ಹಿಂತುದಿ ಬೇಡ, ತುಂಬಾ ಮೇಲಿನ ಮಹಡಿಯೂ ಬೇಡ. ನಡುಭಾಗದ ಕೆಳಮಹಡಿಯ ಕೋಣೆ ಮಕ್ಕಳಿಗೆ ಒಳ್ಳೆಯದು. ಪುಣ್ಯಕ್ಕೆ ಅಂಥವೇ ಅಗ್ಗವೂ ಹೌದು.

ಕಿಟಕಿ ಇಲ್ಲದ ಒಳಕೋಣೆ ಎಲ್ಲಕ್ಕಿಂತ ಅಗ್ಗ. ಕಿಟಕಿ ಇದ್ದರೆ ಸ್ವಲ್ಪ ಜಾಸ್ತಿ. ಬಾಲ್ಕನಿ ಇದ್ದರೆ ಬಾಲ್ಕನಿ ಟಿಕೆಟ್ಟಿನ ದರವೇ! ನಾವು ಕಿಟಕಿಗೆ ನಿಂತೆವು. ದುಡ್ಡಿನ ವಿಚಾರ ಒಂದು, ಮೂರೂವರೆ ವರ್ಷದ ಹುಡುಗನಿಗೂ ಸಮುದ್ರಕ್ಕೂ ನಡುವೆ ಒಂದು ಕಂಬಿ ಮಾತ್ರ ಇರೋದು ಬೇಡ ಅನ್ನೋದು ಇನ್ನೊಂದು. ಬಾಲ್ಕನಿ ತೆಗೆದುಕೊಂಡವರು ಅಲ್ಲಿರುವ ಕುರ್ಚಿಯನ್ನು ಕಂಬಿಯ ಹತ್ತಿರ ಬಿಡಲೇಬಾರದು. ಮಕ್ಕಳಿಗೆ ಅದು ಏಣಿ. ಇನ್ನು ಗೋಡೆಯಿಂದ ಇಳಿಯುವ ಮೇಲಿನ ಮಂಚ ಇರುತ್ತಲ್ಲ, ರೈಲಿನ ಅಪ್ಪರ್ ಬರ್ತಿನ ಹಾಗೆ, ಅದು ಚಿಕ್ಕವರಿಗಲ್ಲ. ಎಳೆ ಮಗುವಿಗೆ ತೊಟ್ಟಿಲ ಮಂಚ ಬೇಕಿದ್ದರೆ ಮುಂಗಡ ಕಾದಿರಿಸುವಾಗಲೇ ಕೇಳಬೇಕು. ಇರೋದು ಕೆಲವೇ ಕೆಲವು.

ದರದ ವಿಚಾರದಲ್ಲಿ ಎಚ್ಚರ. ಜಾಹೀರಾತಿನ ದೊಡ್ಡ ಅಕ್ಷರದ ಅಂಕಿ ಸಾಮಾನ್ಯವಾಗಿ ಇಬ್ಬರು ಹಂಚಿಕೊಳ್ಳುವ ಕೋಣೆಯಲ್ಲಿ ತಲೆಗೆ ಇಷ್ಟು ಅಂತ. ಅದರ ಮೇಲೆ ಬಂದರಿನ ಶುಲ್ಕ, ತೆರಿಗೆ, ಸೇವಾ ಶುಲ್ಕ ಕೂರುತ್ತೆ. ಅದೇ ಕೋಣೆಯಲ್ಲಿ ಮಲಗುವ ಮೂರನೆಯವರಿಗೂ ನಾಲ್ಕನೆಯವರಿಗೂ ದರ ಕಡಿಮೆ. ಮಕ್ಕಳಿರುವವರಿಗೆ ಲಾಭ ಇರೋದು ಅಲ್ಲೇ. ಊಟ ತಿಂಡಿ ಟಿಕೆಟ್ಟಿನಲ್ಲೇ ಸೇರಿರುತ್ತೆ. ಬಾಟಲಿ ಪಾನೀಯ, ವೈಫೈ, ಊರು ತೋರಿಸುವ ಬಸ್ಸು, ಫೋಟೋ... ಎಲ್ಲ ಬೇರೆ ಬೇರೆ. ಹೆಂಡತಿ ಒಂದು ನೋಟ್‌ಬುಕ್ಕಿನಲ್ಲಿ ಎರಡು ಅಂಕಣ ಹಾಕಿದಳು, 'ಸೇರಿದೆ', 'ಸೇರಿಲ್ಲ' ಅಂತ. ಎಡಗಡೆ ಅಂಕಣ ತುಂಬಿದ ಮೇಲೇ ದುಡ್ಡು ಕಟ್ಟಿದ್ದು. ಈ ದುಡ್ಡು ಹೋದರೆ ಇನ್ನೊಂದು ಟಾಕೀಸು ಮುಚ್ಚಿ ಲೆಕ್ಕ ಕೊಡೋದಿಲ್ಲ ನೋಡಿ!

ಹತ್ತುವ ದಿನ

ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಒಂದು ದಿನ ಮುಂಚೆಯೇ ಮುಂಬಯಿ ಸೇರಿದೆವು. ಸುಮಾರು ಇಪ್ಪತ್ನಾಲ್ಕು ಗಂಟೆಯ ಪ್ರಯಾಣ. ಇದು ಕಡ್ಡಾಯ ಅಂತ ತಿಳಿಯಿರಿ. ರೈಲು ತಡವಾದರೆ ಸ್ಟೇಷನ್ ಮಾಸ್ಟರು ಕನಿಕರ ತೋರಿಸಬಹುದು. ಹಡಗು ಮಾತ್ರ ಯಾರಿಗೂ ಕಾಯೋದಿಲ್ಲ, ನಡುವೆ ಇಳಿದ ಊರಿನಲ್ಲೂ ಕಾಯೋದಿಲ್ಲ. ರೈಲಿನ ಕೊನೆಯ ನಿಲ್ದಾಣ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಿಂದ ಬಲ್ಲಾರ್ಡ್ ಪಿಯರ್ ಟ್ಯಾಕ್ಸಿಯಲ್ಲಿ ಹತ್ತಿರವೇ. ನಾವು ಹತ್ತಿದ್ದು ಅಲ್ಲಿನ ಹಳೆಯ ಟರ್ಮಿನಲ್ಲಿನಿಂದ. 2025ರ ಸೆಪ್ಟೆಂಬರಿನಲ್ಲಿ ಇಂದಿರಾ ಡಾಕಿನಲ್ಲಿ ಹೊಸ ದೊಡ್ಡ ಟರ್ಮಿನಲ್ ಉದ್ಘಾಟನೆಯಾಗಿದೆ. ಈಗ ಹೋಗುವವರು ಟಿಕೆಟ್ಟಿನ ಮೇಲೆ ಯಾವ ಗೇಟು ಅಂತ ಇದೆ ನೋಡಿಕೊಳ್ಳಿ.

ಒಂದು ಗುಟ್ಟು ಹೇಳುತ್ತೇನೆ. ದೊಡ್ಡ ಪೆಟ್ಟಿಗೆಗಳನ್ನು ದಡದಲ್ಲೇ ತೆಗೆದುಕೊಂಡುಬಿಡುತ್ತಾರೆ. ಅವು ಕೋಣೆಗೆ ಬರುವ ಹೊತ್ತಿಗೆ ಕೆಲವು ಗಂಟೆ ಕಳೆದಿರುತ್ತೆ. ಅಷ್ಟರಲ್ಲಿ ಮಕ್ಕಳು ಈಜುಕೊಳ ನೋಡಿ ಕುಣಿಯುತ್ತಿರುತ್ತಾರೆ. ಆದ್ದರಿಂದ ಕೈಚೀಲದಲ್ಲಿ ಈಜುಡುಗೆ, ಒಂದು ಜೊತೆ ಬಟ್ಟೆ, ಔಷಧಿ, ಥರ್ಮಾಮೀಟರು, ಗುರುತಿನ ಕಾಗದ ಇರಲೇಬೇಕು. ಡಯಾಪರ್ ಹಾಕುವ ಕೂಸುಗಳನ್ನು ಹೆಚ್ಚಿನ ಹಡಗುಗಳ ಕೊಳಕ್ಕೆ ಬಿಡೋದಿಲ್ಲ. ಮಕ್ಕಳ ಆಟದ ಕೋಣೆಗೂ ಸಾಮಾನ್ಯವಾಗಿ ಮೂರು ವರ್ಷ ತುಂಬಿ, ಕಕ್ಕಸಿಗೆ ತಾನೇ ಹೇಳಿ ಹೋಗುವ ಅಭ್ಯಾಸ ಇರಬೇಕು. ನಮ್ಮವನು ಈ ಸೆನ್ಸಾರಿನಲ್ಲಿ ಕಟ್ ಇಲ್ಲದೆ ಪಾಸಾದ.

ಹೊರಡುವ ಮೊದಲು ಎಲ್ಲರಿಗೂ ಒಂದು ಕವಾಯತು. ಅಪಾಯ ಬಂದರೆ ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಕಟ್ಟಬೇಕು ಅಂತ. ಬಹಳ ಜನ ಇದನ್ನು ನ್ಯೂಸ್ ರೀಲಿನ ಹಾಗೆ ತಿಳಿದು ಮಾತಾಡುತ್ತಾ ನಿಲ್ಲುತ್ತಾರೆ. ಕೇಳಿ, ಟೈಟಾನಿಕ್‌ನಲ್ಲಿ ಸುಮಾರು 2,200 ಜನರಿದ್ದರು, 20 ದೋಣಿಗಳಲ್ಲಿ ಜಾಗ ಇದ್ದದ್ದು 1,178 ಮಂದಿಗೆ. ಅದು 1912. ಆ ದುರಂತದಿಂದಲೇ 1914ರಲ್ಲಿ ಹಡಗು ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ ಹುಟ್ಟಿತು. ಟೈಟಾನಿಕ್ ಮುಳುಗಿ ಹೆಚ್ಚುಕಡಿಮೆ ನೂರು ವರ್ಷಕ್ಕೆ, 2012ರ ಜನವರಿ 13ರಂದು, ಇಟಲಿಯ ದಡದಲ್ಲಿ 'ಕೋಸ್ಟಾ ಕಾನ್ಕಾರ್ಡಿಯಾ' ಬಂಡೆಗೆ ಬಡಿದು 32 ಜನ ಸತ್ತರು. ಆ ದಿನ ಹತ್ತಿದ ಪ್ರಯಾಣಿಕರಿಗೆ ಕವಾಯತು ಇನ್ನೂ ಆಗಿಯೇ ಇರಲಿಲ್ಲ. ಆಮೇಲೆ ನಿಯಮ ಬಿಗಿಯಾಗಿ, 2015ರಿಂದ ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಇದು ಆಗಲೇಬೇಕು ಅಂತಾಯಿತು.

ಮಕ್ಕಳ ಅಳತೆಯ ಜಾಕೆಟ್ ಬೇರೆಯೇ ಇರುತ್ತೆ. ಹಡಗಿನಲ್ಲಿರುವ ಪ್ರತಿ ಮಗುವಿಗೂ ಒಂದು ಇರಬೇಕು ಅನ್ನೋದೇ ನಿಯಮ. ಹತ್ತಿದ ಕೂಡಲೆ ಕೇಳಿ ತೆಗೆದುಕೊಂಡು ಹಾಕಿ ನೋಡಿ. ಅಪಾಯದ ಸಂಕೇತ ಏಳು ಚಿಕ್ಕ ಕೂಗು, ಒಂದು ಉದ್ದ ಕೂಗು. ಮಗಳು ಇದನ್ನು ಒಂದೇ ಸಲಕ್ಕೆ ಕಲಿತಳು. ವಾಪಸ್ಸು ಬರುವಾಗ ರೈಲಿನಲ್ಲಿ ಗುಂತಕಲ್ಲಿನವರೆಗೂ ಕೂಗಿಕೊಂಡೇ ಬಂದಳು.

ಮೂರನೆಯ ರಾತ್ರಿ

ಮೊದಲ ಎರಡು ದಿನ ಹಾಡುಗಳಿರುವ ಭಾಗ. ಮಕ್ಕಳು ಲಿಫ್ಟಿನಲ್ಲಿ ಮೇಲಕ್ಕೂ ಕೆಳಕ್ಕೂ ಓಡಾಡಿದರು. ರಂಗಮಂದಿರದಲ್ಲಿ ಮ್ಯಾಜಿಕ್ಕು ನೋಡಿದರು. ಗೋವಾದ ಮರ್ಮಗೋವಾ ಬಂದರಿನಲ್ಲಿ ಹಡಗು ನಿಂತ ದಿನ ಎಲ್ಲರೂ ಬಸ್ಸು ಹತ್ತಿ ಪಣಜಿಗೆ ಓಡಿದರು. ಸುಮಾರು ಮೂವತ್ತು ಕಿಲೋಮೀಟರು ಹೋಗಿ ಬರಬೇಕು. ನಾವು ಇಳಿಯಲೇ ಇಲ್ಲ. ಖಾಲಿ ಹಡಗು! ಈಜುಕೊಳದ ತುಂಬ ನಮ್ಮದೇ ಎರಡು ಮಕ್ಕಳು. ಮ್ಯಾಟಿನಿಯಲ್ಲಿ ಇಡೀ ಬಾಲ್ಕನಿ ನಿಮಗೊಬ್ಬರಿಗೇ ಸಿಕ್ಕ ಹಾಗೆ. ಚಿಕ್ಕ ಮಕ್ಕಳಿರುವವರು ಇದನ್ನು ಗುರುತು ಹಾಕಿಕೊಳ್ಳಿ. ಹಡಗು ನಿಂತ ಪ್ರತಿ ಊರಲ್ಲೂ ಇಳಿಯಲೇಬೇಕು ಅಂತ ಕಾನೂನಿಲ್ಲ.

ಗೋವಾ ಬಿಟ್ಟ ರಾತ್ರಿ ಗಾಳಿ ಎದ್ದಿತು. ಹಡಗಿಗೆ ಪಕ್ಕದಲ್ಲಿ ಮೀನಿನ ರೆಕ್ಕೆಯಂಥ ಹಲಗೆಗಳಿದ್ದು ಹೊಯ್ದಾಟ ತಗ್ಗಿಸುತ್ತವೆ. ಆದರೂ ನೀರು ನೀರೇ. ಹನ್ನೊಂದು ಗಂಟೆಗೆ ಮಗ ಎದ್ದು ವಾಂತಿ ಮಾಡಿದ. ಎರಡನೇ ಸಲ ಮಾಡಿದ. ಹೆಂಡತಿ ಹಣೆ ಮುಟ್ಟಿ ನೋಡಿ, "ಬಿಸಿ ಇದೆ" ಅಂದಳು.

ಅವಳ ಮುಖದಲ್ಲಿ ಎರಡು ವರ್ಷದ ಹಿಂದಿನ ಆ ರಾತ್ರಿ ಕಾಣಿಸಿತು. ಕಿಟಕಿಯ ಹೊರಗೆ ಒಂದು ದೀಪ ಇಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಆಟೋ ಇಲ್ಲ. ಅವಳು ಅಳಲಿಲ್ಲ. ಥರ್ಮಾಮೀಟರು ಇಟ್ಟಳು, ಗಡಿಯಾರ ನೋಡಿದಳು, ಡಾಕ್ಟರ ಚೀಟಿ ತೆಗೆದಳು. ಥರ್ಮಾಮೀಟರಿನಲ್ಲಿ 99.4. ನಾನು ಕೋಣೆಯ ಫೋನಿನಿಂದ ಚಿಕಿತ್ಸಾಲಯಕ್ಕೆ ಹೇಳಿ, ಮಗಳನ್ನು ಎಬ್ಬಿಸಿ, ನಾಲ್ಕೂ ಜನ ಹೊರಟೆವು.

ಹಡಗಿನ ವೈದ್ಯರು ಪರೀಕ್ಷೆ ಮಾಡಿದರು. ಹಳೆಯ ಕಥೆಯನ್ನು ಪೂರ್ತಿ ಕೇಳಿದರು. ಜ್ವರ ಅಲ್ಲ, ಕಡಲ ತಲೆಸುತ್ತು ಅಂದರು. ಗುಟುಕು ಗುಟುಕಾಗಿ ಓಆರ್‌ಎಸ್ ನೀರು ಕೊಡಿ, ಗಂಟೆಗೊಮ್ಮೆ ಮೈ ಬಿಸಿ ನೋಡಿ, ಮುಚ್ಚಿದ ಕೋಣೆ ಬಿಟ್ಟು ಗಾಳಿಗೆ ಕೂರಿಸಿ, ದೂರದ ಗೆರೆ ನೋಡಿಸಿ ಅಂದರು. ಫೀಸು ಕಟ್ಟಿದೆ. ವಿಮೆಗೆ ಬೇಕು ಅಂತ ರಸೀದಿಯನ್ನು ಜೇಬಿಗೆ ಹಾಕಿದೆ.

ಹೊರಗಿನ ಡೆಕ್ಕಿನ ನಡುಭಾಗದಲ್ಲಿ, ಗೋಡೆಗೆ ಒರಗಿ ಕೂತೆವು. ಕತ್ತಲಲ್ಲಿ ನೋಡಿಸಲು ಯಾವ ಗೆರೆ ಇದೆ? ದೂರದಲ್ಲಿ ಮೀನುಗಾರರ ಬೋಟುಗಳ ದೀಪಗಳಿದ್ದವು. ಮಗ ಅವನ್ನು ಎಣಿಸತೊಡಗಿದ. ಅವನಿಗೆ ಹತ್ತರ ತನಕ ಬರುತ್ತಿತ್ತು, ಹತ್ತಾದ ಮೇಲೆ ಮತ್ತೆ ಒಂದರಿಂದ. ಎಷ್ಟನೆಯ ಹತ್ತಿನಲ್ಲೋ ನಿದ್ದೆ ಹೋದ. ಹೆಂಡತಿ ಮಾತ್ರ ಗಂಟೆಗೊಮ್ಮೆ ಥರ್ಮಾಮೀಟರು ಇಟ್ಟಳು. 99, 98.8, 98.6... ಬೆಳಗಿನ ಜಾವ ನಾಲ್ಕಕ್ಕೆ ಅದನ್ನು ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸಿದಳು.

"ಏನೂ ಆಗಲಿಲ್ಲ ಅಲ್ವಾ?" ಅಂದಳು.

"ಇಲ್ಲ" ಅಂದೆ.

"ಆಗಿದ್ರೂ ಏನು ಮಾಡಬೇಕು ಅಂತ ಗೊತ್ತಿತ್ತು ನನಗೆ" ಅಂದಳು.

ಬೆಳಿಗ್ಗೆ ಎಂಟಕ್ಕೆ ಹೀರೋ ಎದ್ದು ಬ್ರೆಡ್ಡು, ಬಾಳೆಹಣ್ಣು ತಿಂದು, ಐಸ್‌ಕ್ರೀಮ್ ಎಲ್ಲಿ ಅಂತ ಕೇಳಿದ. ಅವರಮ್ಮ ಊಟದ ಮೇಜಿನ ಮೇಲೇ ತಲೆಯಿಟ್ಟು ನಿದ್ದೆ ಹೋಗಿದ್ದಳು. ಎಬ್ಬಿಸಲು ಮನಸ್ಸು ಬರಲಿಲ್ಲ.

ಇನ್ನಷ್ಟು ಸಣ್ಣಪುಟ್ಟ ಮಾತು

ಹಡಗಿನಲ್ಲಿ ಸಾವಿರಾರು ಕೈಗಳು ಒಂದೇ ಸೌಟು ಹಿಡಿಯುತ್ತವೆ. ಹೊಟ್ಟೆ ಕೆಡಿಸುವ ಕೆಲವು ವೈರಸ್ಸುಗಳು ಬಾಟಲಿಯ ಸ್ಯಾನಿಟೈಸರಿಗೆ ಅಷ್ಟು ಸುಲಭವಾಗಿ ಜಗ್ಗೋದಿಲ್ಲ. ಮಕ್ಕಳಿಗೆ ಊಟದ ಮುಂಚೆ ಸೋಪು, ನೀರು ಎರಡೂ ಆಗಲೇಬೇಕು.

ಫೋನನ್ನು ಏರೋಪ್ಲೇನ್ ಮೋಡಿನಲ್ಲಿಡಿ. ಸಮುದ್ರದ ನಡುವೆ ಅದು ಹಡಗಿನ ಉಪಗ್ರಹ ಜಾಲಕ್ಕೆ ತಾನಾಗಿ ತಗುಲಿಕೊಂಡರೆ ಬಿಲ್ಲು ನೋಡಿ ನಿಮಗೇ ತಲೆ ಸುತ್ತೀತು.

ಲಕ್ಷದ್ವೀಪದ ಕಡೆ ಹೋಗುವ ಆಸೆ ಇದ್ದವರಿಗೆ ಎರಡು ಮಾತು. ಅಲ್ಲಿಗೆ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು, ಮುಂಚೆಯೇ ಮಾಡಿಸಬೇಕು. ದೊಡ್ಡ ಹಡಗು ದಡಕ್ಕೆ ಬರೋದಿಲ್ಲ, ಆಳದಲ್ಲಿ ನಿಂತು ಚಿಕ್ಕ ದೋಣಿಗೆ ಇಳಿಸುತ್ತೆ. ಅಲೆ ಜಾಸ್ತಿಯಾದರೆ ಆ ಇಳಿಯುವಿಕೆಯೇ ರದ್ದಾಗಬಹುದು. ಕಂಕುಳಲ್ಲಿ ಕೂಸು ಇರುವವರು ಯೋಚಿಸಿ. ಅಂದ ಹಾಗೆ, ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಮಂಗಳೂರಿನಿಂದಲೇ ಆಡಳಿತ. ಹಳೆಯ ನೆಂಟರು ಅನ್ನಿ.

ಸಿನಿಮಾಪ್ರಿಯರಿಗೆ ಒಂದು ಸುದ್ದಿ ಹೇಳದಿದ್ದರೆ ಹೇಗೆ? 2015ರ 'ದಿಲ್ ಧಡಕ್‌ನೇ ದೋ' ಚಿತ್ರದಲ್ಲಿ ನೋಡಿದ ಹಡಗು ಸೆಟ್ಟಲ್ಲ, 'ಸಾವರಿನ್' ಅನ್ನೋ ನಿಜ ಹಡಗು. 1988ರಲ್ಲಿ ಯಾನ ಶುರು ಮಾಡಿದಾಗ ಪ್ರಯಾಣಿಕರ ಹಡಗುಗಳಲ್ಲೇ ದೊಡ್ಡದು ಅನ್ನಿಸಿಕೊಂಡಿತ್ತು. 2020ರಲ್ಲಿ ಪ್ರವಾಸವೆಲ್ಲ ನಿಂತಾಗ ಅದನ್ನು ಟರ್ಕಿಯ ಅಲಿಯಾಗಾ ದಡಕ್ಕೆ ಎಳೆದು ಒಡೆದುಹಾಕಿದರು. ನಮ್ಮ ಟಾಕೀಸು ಹೋದ ವರ್ಷವೇ ಆ ಹಡಗೂ ಹೋಯಿತು. ನನ್ನ ಕಿಂಡಿಯಿಂದ ಎಷ್ಟೋ ಸಲ ನೋಡಿದ ಹಡಗು ಅದು. ತೆರೆಯ ಮೇಲೆ ಮಾತ್ರ ಈಗಲೂ ಹೋಗುತ್ತಲೇ ಇದೆ.

ಊರಿಗೆ ಬಂದ ಮೇಲೆ ಮಗಳ ಮೇಡಂ ಏನು ನೋಡಿದೆ ಅಂತ ಕೇಳಿದರಂತೆ. "ಟವೆಲ್ಲಿನಲ್ಲಿ ಕೋತಿ ಮಾಡಿ ಮಂಚದ ಮೇಲೆ ಇಟ್ಟಿದ್ರು" ಅಂದಳಂತೆ. ಮಗನಿಗೆ ನೆನಪಿರೋದು ಲಿಫ್ಟು. ಅರಬ್ಬಿ ಸಮುದ್ರದ ಸುದ್ದಿಯೇ ಇಲ್ಲ! ಅದಕ್ಕೆ ಬೇಸರಪಡಬೇಡಿ. ಮಕ್ಕಳು ಯಾವ ಸೀನಿಗೆ ಶಿಳ್ಳೆ ಹಾಕುತ್ತಾರೆ ಅಂತ ಯಾವ ನಿರ್ದೇಶಕನೂ ಹೇಳಲಾರ.

ಹೆಂಡತಿಯ ವಿಚಾರ ಕೇಳುತ್ತೀರಾ? ಆ ವರ್ಷದ ಯುಗಾದಿಗೆ ಇಬ್ಬರೂ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳು. ಸಂಜೆಯ ಬಸ್ಸಿಗೆ ಬರುತ್ತಾಳೆ ಅಂತ ಅನ್ನಕ್ಕೆ ಇಟ್ಟು ಕಾಯುತ್ತಿದ್ದೆ. ಫೋನು ಬಂತು: "ನಾಲ್ಕು ದಿನ ಇದ್ದು ಬರ್ತೀನಿ. ಹೋಟ್ಲಲ್ಲಿ ತಿನ್ಕೊಳ್ಳಿ."

ಬ್ಯಾಂಕಿನ ದುಡ್ಡಿನಲ್ಲಿ ಈಗ ಉಳಿದಿರೋದು ಸ್ವಲ್ಪವೇ. ಇನ್ನೊಂದು ಹಡಗಿಗೆ ಆಗೋದಿಲ್ಲ, ಮಲ್ಪೆಯ ಬೋಟಿಗೆ ಧಾರಾಳವಾಗಿ ಆಗುತ್ತೆ. ಹಡಗಿಗೆ ದುಡ್ಡು ಸೇರಿಸುತ್ತಿರುವ ತಮ್ಮಂದಿರೇ, ನೀವೂ ಅಲ್ಲಿಂದಲೇ ಶುರು ಮಾಡಿ. ಮಳೆಗಾಲದಲ್ಲಿ ಬೋಟು ಇರೋದಿಲ್ಲ, ನೆನಪಿರಲಿ. ಮದುವೆಯಾಗಿ ಮಗು ಹುಟ್ಟಿದ ದಿನ ಸಿಹಿ ಹಂಚುವ ಗಡಿಬಿಡಿಯಲ್ಲೂ ಒಂದು ಕೆಲಸ ಮಾಡಿ. ಜನನ ಪತ್ರದಲ್ಲಿ ಹೆಸರು, ಇನಿಷಿಯಲ್ಲು ಸರಿಯಾಗಿ ಬರೆಸಿ, ಆಧಾರಿನಲ್ಲೂ ಅದೇ ಇರಲಿ. ಬಂದರಿನ ಗೇಟಿನಲ್ಲಿ ಕೂತವರು ಮೊದಲು ನೋಡೋದು ಅದನ್ನೇ. ಅಲ್ಲಿ ನಿಮ್ಮ ಮಗ ಹೀರೋ ಅಂದರೂ ನಂಬೋದಿಲ್ಲ.